ಶಾಲೆಗೆ ಸಕಾರಾತ್ಮಕ ವರ್ತನಾ ಬೆಂಬಲ ತರಲು ಯಾರ ನೆರವು ಪಡೆಯಬೇಕು?

ಮಕ್ಕಳ ಶಿಸ್ತಿನ ವಿಷಯದಲ್ಲಿ ಹೊರಗಿನವರ ನೆರವು ಪಡೆಯಲು ಹೊರಟ ಆಡಳಿತ ಮಂಡಳಿಗಳು ಮತ್ತು ಮುಖ್ಯ ಶಿಕ್ಷಕರು ಹೆಚ್ಚುಕಡಿಮೆ ಒಂದೇ ಬಗೆಯ ಇಕ್ಕಟ್ಟಿನಲ್ಲಿರುತ್ತಾರೆ. ಮೇಜಿನ ಮೇಲೆ ಮೂರು ಪ್ರಸ್ತಾವಗಳಿರುತ್ತವೆ: ಒಂದು ನಗರದ ಥೆರಪಿ ಕೇಂದ್ರದ ವರ್ತನಾ ತಜ್ಞರದು, ಇನ್ನೊಂದು ಆ್ಯಪ್ ಸಮೇತ ಶಿಸ್ತಿನ ಕಾರ್ಯಕ್ರಮ ಒದಗಿಸುವ ಕಂಪನಿಯದು, ಮತ್ತೊಂದು ಅಮೆರಿಕದ ಶಾಲೆಗಳಲ್ಲಿ ಕೆಲಸ ಮಾಡಿದ ತರಬೇತುದಾರರದು. ಸಭೆಯಲ್ಲಿ ಯಾರಾದರೂ ಹಿರಿಯ ಶಿಕ್ಷಕರು, “ಇಷ್ಟು ದುಡ್ಡು ಯಾಕೆ? ನಮ್ಮವರೇ ಒಬ್ಬರು ಕಲಿತು ಮಾಡಬಾರದೇ?” ಎಂದೂ ಕೇಳಿರುತ್ತಾರೆ. ಆ ಮಾತನ್ನು ಉಳಿದ ಮೂರು ಪ್ರಸ್ತಾವಗಳಷ್ಟೇ ಗಂಭೀರವಾಗಿ ತೂಗಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ವಿವರಿಸುತ್ತೇನೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಕಿರುಕುಳ ನೀಡುವುದನ್ನೂ ನಿಷೇಧಿಸಿದೆ. ಬೆತ್ತ ಹೋಯಿತು, ಕನಿಷ್ಠ ಕಾಗದದ ಮೇಲಾದರೂ ಹೋಯಿತು. ಆದರೆ ನಲವತ್ತೈದು ಮಕ್ಕಳ ತರಗತಿಯನ್ನು ಬೆತ್ತವಿಲ್ಲದೆ ನಡೆಸುವುದು ಹೇಗೆಂದು ಶಿಕ್ಷಕರಿಗೆ ಯಾರೂ ಕ್ರಮಬದ್ಧವಾಗಿ ಕಲಿಸಲಿಲ್ಲ. ಅನೇಕ ಕಡೆ ಬೆತ್ತದ ಜಾಗಕ್ಕೆ ಗದರಿಕೆ, ತರಗತಿಯ ಹೊರಗೆ ನಿಲ್ಲಿಸುವುದು, ಪೋಷಕರಿಗೆ ಫೋನ್ ಮಾಡುವುದು ಬಂದಿವೆ. ಶಿಕ್ಷೆಯ ಬದಲು ಒಳ್ಳೆಯ ನಡವಳಿಕೆಯನ್ನು ಕಲಿಸಿ ಗುರುತಿಸುವ ಸಕಾರಾತ್ಮಕ ವರ್ತನಾ ಬೆಂಬಲದ ಅಗತ್ಯ ನಮ್ಮ ಶಾಲೆಗಳಿಗೆ ಇರುವುದು ಈ ಖಾಲಿ ಜಾಗದಲ್ಲಿ.

ಏನನ್ನು ಕೊಳ್ಳುತ್ತಿದ್ದೇವೆ?

ಸಲಹೆಗಾರರನ್ನು ಆರಿಸುವ ಮೊದಲು ಪದ್ಧತಿಯ ಸ್ಥೂಲ ಪರಿಚಯವಾದರೂ ಇರಬೇಕು. ಇದು ಅಮೆರಿಕದಲ್ಲಿ ರೂಪುಗೊಂಡ ಚೌಕಟ್ಟು. ಅಲ್ಲಿ ಇದನ್ನು ಪಿಬಿಐಎಸ್ (ಪಾಸಿಟಿವ್ ಬಿಹೇವಿಯರಲ್ ಇಂಟರ್ವೆನ್ಷನ್ಸ್ ಆ್ಯಂಡ್ ಸಪೋರ್ಟ್ಸ್) ಎಂದು ಕರೆಯುತ್ತಾರೆ. ಅಂಗವೈಕಲ್ಯವುಳ್ಳ ಮಕ್ಕಳ ಶಿಕ್ಷಣಕ್ಕೆ ಸಂಬಂಧಿಸಿದ ಅಲ್ಲಿನ ಕಾಯ್ದೆಗೆ 1997ರಲ್ಲಿ ಆದ ತಿದ್ದುಪಡಿ ಈ ಪದ್ಧತಿಯ ಪ್ರಸ್ತಾಪವನ್ನು ಕಾನೂನಿನೊಳಗೆ ತಂದಿತು. ಅದರ ಬೆನ್ನಿಗೇ ಫೆಡರಲ್ ಸರ್ಕಾರದ ಹಣದಿಂದ, ಆರೆಗಾನ್ ವಿಶ್ವವಿದ್ಯಾಲಯವನ್ನು ನೆಲೆಯಾಗಿಸಿಕೊಂಡು, ಶಾಲೆಗಳಿಗೆ ತಾಂತ್ರಿಕ ನೆರವು ನೀಡುವ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ಜಾರ್ಜ್ ಸುಗಾಯ್ ಮತ್ತು ರಾಬ್ ಹಾರ್ನರ್ ಆ ಕೆಲಸವನ್ನು ಮುನ್ನಡೆಸಿದವರು.

ಚೌಕಟ್ಟಿಗೆ ಮೂರು ಹಂತಗಳಿವೆ. ಮೊದಲ ಹಂತ ಶಾಲೆಯ ಎಲ್ಲ ಮಕ್ಕಳಿಗೂ ಸೇರಿದ್ದು: ನಿರೀಕ್ಷಿಸುವ ನಡವಳಿಕೆಯನ್ನು ಮೂರು ನಾಲ್ಕು ಸರಳ ಮಾತುಗಳಲ್ಲಿ ಹೇಳಿ, ಅದನ್ನು ಪಾಠದಂತೆಯೇ ಕಲಿಸಿ, ಅಭ್ಯಾಸ ಮಾಡಿಸಿ, ಸರಿಯಾಗಿ ಮಾಡಿದಾಗ ಗುರುತಿಸುವುದು. ಎರಡನೆಯ ಹಂತ ಅಷ್ಟರಿಂದ ಸಾಲದ ಕೆಲವು ಮಕ್ಕಳಿಗೆ ಸಣ್ಣ ಗುಂಪಿನಲ್ಲಿ ಸಿಗುವ ನೆರವು. ಮೂರನೆಯದು ತೀರ ಕೆಲವೇ ಮಕ್ಕಳಿಗೆ ವೈಯಕ್ತಿಕವಾಗಿ ರೂಪಿಸುವ ಯೋಜನೆ. ಸ್ಥೂಲವಾಗಿ ನೂರರಲ್ಲಿ 80 ಮಕ್ಕಳಿಗೆ ಮೊದಲ ಹಂತವೇ ಸಾಕು, 15 ಮಕ್ಕಳಿಗೆ ಎರಡನೆಯದು ಬೇಕು, 5 ಮಕ್ಕಳಿಗೆ ಮೂರನೆಯದು ಬೇಕು ಎಂಬ ಅಂದಾಜು ಬಳಕೆಯಲ್ಲಿದೆ. ಇದು ಕೇವಲ ಅಂದಾಜು, ಎಲ್ಲ ಶಾಲೆಗಳಿಗೂ ಹೀಗೆಯೇ ಇರುತ್ತದೆ ಎಂದಲ್ಲ.

ಇದು ಫಲ ಕೊಡುತ್ತದೆಯೇ ಎಂದು ಕೇಳುವವರಿಗೆ ಮೇರಿಲ್ಯಾಂಡ್ ರಾಜ್ಯದ 37 ಪ್ರಾಥಮಿಕ ಶಾಲೆಗಳಲ್ಲಿ ನಡೆದ ಅಧ್ಯಯನವನ್ನು ತೋರಿಸಬಹುದು. ಯಾವ ಶಾಲೆಗೆ ತರಬೇತಿ, ಯಾವುದಕ್ಕೆ ಇಲ್ಲ ಎಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಿ ಹಲವು ವರ್ಷ ಗಮನಿಸಿದಾಗ, ತರಬೇತಿ ಪಡೆದ ಶಾಲೆಗಳಲ್ಲಿ ಮಕ್ಕಳನ್ನು ಅಮಾನತುಗೊಳಿಸುವುದು ಕಡಿಮೆಯಾದದ್ದು ಕಂಡುಬಂತು. ಪರೀಕ್ಷೆಯ ಅಂಕಗಳು ಏರುತ್ತವೆ ಎಂಬುದಕ್ಕೆ ಅಷ್ಟು ಗಟ್ಟಿಯಾದ ಆಧಾರವಿಲ್ಲ. ಆದ್ದರಿಂದ ಫಲಿತಾಂಶ ಇಷ್ಟು ಶೇಕಡಾ ಹೆಚ್ಚುತ್ತದೆ ಎಂದು ಪ್ರಸ್ತಾವದಲ್ಲಿ ಬರೆದುಕೊಟ್ಟವರ ಬಗ್ಗೆ ಎಚ್ಚರವಾಗಿರಬೇಕು.

ತೂಗುವ ಮಾನದಂಡಗಳು

ಮೊದಲು ನೋಡಬೇಕಾದದ್ದು ಸಲಹೆಗಾರರ ಕಣ್ಣು ಎಲ್ಲಿ ನೆಡುತ್ತದೆ ಎಂಬುದನ್ನು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಧ್ಯಾಹ್ನದ ಊಟದ ನಂತರ ಕೈ, ತಟ್ಟೆ ತೊಳೆಯುವ ಜಾಗದಲ್ಲಿ ಆರು ನಲ್ಲಿಗಳಿವೆ, ಅದರಲ್ಲಿ ಎರಡರಲ್ಲಿ ನೀರು ಸಣ್ಣಗೆ ಬರುತ್ತದೆ. ಐದರಿಂದ ಏಳನೆಯ ತರಗತಿಯ ಮಕ್ಕಳೆಲ್ಲ ಒಂದೇ ಗಂಟೆಗೆ ಏಳುತ್ತಾರೆ. ತಳ್ಳಾಟ ಶುರುವಾಗಿ, ಯಾರದೋ ಸಮವಸ್ತ್ರ ಒದ್ದೆಯಾಗಿ, ಯಾರದೋ ತಟ್ಟೆ ಬಿದ್ದು, ಮಧ್ಯಾಹ್ನದ ಮೊದಲ ಅವಧಿಯ ಹತ್ತು ನಿಮಿಷ ದೂರು ಕೇಳುವುದರಲ್ಲೇ ಕಳೆಯುತ್ತದೆ. ಒಬ್ಬ ಸಲಹೆಗಾರರು ಬಂದು ಜಗಳದಲ್ಲಿ ಮತ್ತೆ ಮತ್ತೆ ಕಾಣುವ ಮೂವರು ಹುಡುಗರ ಹೆಸರು ಬರೆದುಕೊಂಡು ಅವರಿಗೆ ಆಪ್ತ ಸಮಾಲೋಚನೆ ಬೇಕೆನ್ನುತ್ತಾರೆ. ಇನ್ನೊಬ್ಬರು ಒಂದು ತಿಂಗಳು ಎಲ್ಲ ಘಟನೆಗಳನ್ನೂ ಒಂದು ಪುಸ್ತಕದಲ್ಲಿ ಬರೆಸುತ್ತಾರೆ: ಏನಾಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಇದ್ದರು, ಯಾತಕ್ಕಾಗಿ ಆಗಿರಬಹುದು. ತಿಂಗಳ ಕೊನೆಗೆ ಪುಸ್ತಕ ತೆರೆದರೆ ಹೆಚ್ಚಿನ ಘಟನೆಗಳು ನಲ್ಲಿಯ ಬಳಿ, ಒಂದೇ ಕಾಲು ಗಂಟೆಯಲ್ಲಿ ನಡೆದಿರುವುದು ಕಾಣುತ್ತದೆ. ಆಗ ತರಗತಿಗಳನ್ನು ಐದೈದು ನಿಮಿಷದ ಅಂತರದಲ್ಲಿ ಬಿಡುವುದು, ನೆಲದ ಮೇಲೆ ಬಣ್ಣದ ಗೆರೆ ಎಳೆಯುವುದು, ಒಬ್ಬ ಶಿಕ್ಷಕರು ಆ ಹೊತ್ತಿಗೆ ಅಲ್ಲೇ ನಿಲ್ಲುವುದು, ಸಾಲಿನಲ್ಲಿ ನಿಲ್ಲುವುದನ್ನು ಶಾಲೆ ಆರಂಭವಾದ ಮೊದಲ ವಾರದಲ್ಲೇ ನಲ್ಲಿಯ ಮುಂದೆ ನಿಂತು ಅಭ್ಯಾಸ ಮಾಡಿಸುವುದು, ಇವೆಲ್ಲ ಸಹಜವಾಗಿ ಹೊಳೆಯುತ್ತವೆ. ಆ ಮೂವರು ಹುಡುಗರಲ್ಲಿ ಬಹುಶಃ ಇಬ್ಬರಿಗೆ ಬೇರೆ ಯಾವ ನೆರವೂ ಬೇಕಾಗುವುದಿಲ್ಲ. ಶಾಲೆಗೆ ಬೇಕಾಗಿರುವುದು ಈ ಎರಡನೆಯ ಬಗೆಯ ಸಲಹೆಗಾರರು.

ಎರಡನೆಯದು, ತರಬೇತಿ ಮುಗಿದ ಮೇಲೆ ಅವರು ಎಷ್ಟು ದಿನ ಜೊತೆಗಿರುತ್ತಾರೆ ಎಂಬುದು. ಕಾರ್ಯಾಗಾರದಲ್ಲಿ ಕೇಳಿದ್ದು ತರಗತಿಯಲ್ಲಿ ಉಳಿಯುವುದು ಅಪರೂಪ ಎಂದು ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ಹೊಗಳುವ ರೀತಿ, ಸೂಚನೆ ಕೊಡುವ ರೀತಿ, ತಪ್ಪು ನಡೆದಾಗ ದನಿ ಏರಿಸದೆ ತಿದ್ದುವ ರೀತಿ, ಇವು ಕೈಕೆಲಸದಂತೆ ಯಾರಾದರೂ ಪಕ್ಕದಲ್ಲಿ ನಿಂತು ನೋಡಿ ಹೇಳಿದಾಗ ಮಾತ್ರ ಬರುತ್ತವೆ. ತರಗತಿಯೊಳಗೆ ಬಂದು ಕುಳಿತು, ಅದೇ ದಿನ ಸಂಜೆ ಶಿಕ್ಷಕರೊಂದಿಗೆ ಹತ್ತು ನಿಮಿಷ ಮಾತಾಡುವ ಭೇಟಿಗಳು ವರ್ಷಕ್ಕೆ ಎಷ್ಟಿವೆ ಎಂಬುದನ್ನು ಪ್ರಸ್ತಾವದಲ್ಲಿ ಹುಡುಕಿ ನೋಡಿ. ಪದ್ಧತಿ ಬೇರೂರಲು ಎರಡು ಮೂರು ವರ್ಷವಾದರೂ ಬೇಕು. ಎರಡು ದಿನದ ಕಾರ್ಯಾಗಾರಕ್ಕೆ ಬರುವ ಹೆಸರಾಂತ ತಜ್ಞರಿಗಿಂತ ತಿಂಗಳಿಗೆ ಎರಡು ಬಾರಿ ತಪ್ಪದೆ ಬರುವ ಸಾಧಾರಣ ತಜ್ಞರೇ ಶಾಲೆಗೆ ಹೆಚ್ಚು ಉಪಯುಕ್ತ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಮೂರನೆಯದು ಅಳತೆ. ಕೆಲಸ ಆಗುತ್ತಿದೆಯೇ ಎಂದು ತಿಳಿಯಲು ಎರಡು ಬೇರೆ ಬೇರೆ ಸಂಗತಿಗಳನ್ನು ಅಳೆಯಬೇಕು: ಮಕ್ಕಳ ವರ್ತನೆ ಬದಲಾಯಿತೇ, ದೊಡ್ಡವರು ಮಾಡುತ್ತೇವೆಂದು ಒಪ್ಪಿಕೊಂಡದ್ದನ್ನು ನಿಜಕ್ಕೂ ಮಾಡುತ್ತಿದ್ದಾರೆಯೇ. ಎರಡನೆಯದನ್ನು ಅಳೆಯಲು ಟಿಎಫ್‌ಐ (ಟಯರ್ಡ್ ಫಿಡೆಲಿಟಿ ಇನ್ವೆಂಟರಿ) ಎಂಬ ಸಾಧನ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರ 2.1ನೇ ಆವೃತ್ತಿಯಲ್ಲಿ ಮೊದಲ ಹಂತಕ್ಕೆ 15 ಅಂಶಗಳಿದ್ದು, ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ ಕೊಡಬೇಕು. ಒಟ್ಟು 30ರಲ್ಲಿ 70 ಶೇಕಡಾ, ಅಂದರೆ 21 ಅಂಕ ಬಂದರೆ ಮೊದಲ ಹಂತ ಸರಿಯಾಗಿ ನೆಲೆಗೊಂಡಿದೆ ಎಂದು ಲೆಕ್ಕ. ಸಂದರ್ಶನದಲ್ಲಿ ಈ ಸಾಧನದ ಬಗ್ಗೆ, ಅಥವಾ ಅದಕ್ಕೆ ಸಮನಾದ ಬೇರೊಂದರ ಬಗ್ಗೆ ಕೇಳಿ. ಸಕಾರಾತ್ಮಕ ವರ್ತನಾ ಬೆಂಬಲದ ಹೆಸರಿನಲ್ಲಿ ಬಂದವರಿಗೆ ಇಂಥ ಅಳತೆಗಳ ಪರಿಚಯವೇ ಇಲ್ಲದಿದ್ದರೆ ಅವರು ಒದಗಿಸುವುದು ಬೇರೇನೋ ಆಗಿರುವ ಸಾಧ್ಯತೆ ಹೆಚ್ಚು.

ಭಾಷೆಯನ್ನು ಸಾಮಾನ್ಯವಾಗಿ ಯಾರೂ ಮಾನದಂಡಗಳ ಪಟ್ಟಿಗೆ ಸೇರಿಸುವುದಿಲ್ಲ, ಆದರೆ ಸೇರಿಸಲೇಬೇಕು. ಆಡಳಿತ ಮಂಡಳಿಯೊಂದಿಗೆ ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡುವ ಸಲಹೆಗಾರರು ಬಸ್ಸಿನ ಆಯಾ, ಆಟದ ಮಾಸ್ತರು, ಅಡುಗೆ ಸಿಬ್ಬಂದಿ, ಕನ್ನಡ ಪಂಡಿತರು, ಇವರೆಲ್ಲರ ಜೊತೆ ಕುಳಿತು ಮಾತಾಡಬಲ್ಲರೇ? ಮಕ್ಕಳ ಜಗಳಗಳು ಹೆಚ್ಚಾಗಿ ನಡೆಯುವುದು ಬಸ್ಸು, ಮೈದಾನ ಮತ್ತು ಊಟದ ಸಾಲಿನಲ್ಲಿ, ಅಲ್ಲಿರುವ ದೊಡ್ಡವರು ಇವರೇ. ಗಡಿ ಜಿಲ್ಲೆಗಳಲ್ಲಿ ಉರ್ದು, ತೆಲುಗು, ಮರಾಠಿ ಅಥವಾ ತುಳು ಮನೆಮಾತಿನ ಪೋಷಕರಿಗೂ ಅವರ ಮಾತು ತಲುಪಬೇಕು.

ಐದನೆಯದು ಕಾನೂನು ಮತ್ತು ಮಗುವಿನ ಮರ್ಯಾದೆ. ತಪ್ಪು ಮಾಡಿದವರ ಹೆಸರನ್ನು ಫಲಕದ ಮೇಲೆ ಬರೆಯುವುದು, ಎಲ್ಲರಿಗೂ ಕಾಣುವಂತೆ ಅಂಕ ಕಳೆಯುವುದು, ಪ್ರಾರ್ಥನೆಯ ಹೊತ್ತಿನಲ್ಲಿ ಎದ್ದು ನಿಲ್ಲಿಸುವುದು, ಇವು ಯಾವ ಬಣ್ಣದ ಚಾರ್ಟಿನಲ್ಲಿ ಬಂದರೂ ಮಗುವನ್ನು ಅವಮಾನಿಸುವ ಕ್ರಮಗಳೇ. ಮಗುವನ್ನು ಹಿಡಿದು ನಿಲ್ಲಿಸುವ, ಕೋಣೆಯಲ್ಲಿ ಒಂಟಿಯಾಗಿರಿಸುವ ಕ್ರಮಗಳ ಬಗ್ಗೆ ಸಲಹೆಗಾರರ ನಿಲುವೇನೆಂದು ನೇರವಾಗಿ ಕೇಳಿ. ಮಕ್ಕಳ ವರ್ತನೆಯ ಮಾಹಿತಿ ಯಾರ ಬಳಿ, ಎಲ್ಲಿ ಉಳಿಯುತ್ತದೆ ಎಂಬುದನ್ನೂ ಕೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು ಎಂಬುದು ಅದರ ಮೂಲ ತತ್ವ.

ಕೊನೆಯದಾಗಿ ಹಣ. ಸಲಹೆಗಾರರ ಶುಲ್ಕ ಒಟ್ಟು ವೆಚ್ಚದ ಒಂದು ಭಾಗ ಮಾತ್ರ. ನಲವತ್ತು ಶಿಕ್ಷಕರಿರುವ ಶಾಲೆಯಲ್ಲಿ ತಿಂಗಳಿಗೆ ಎರಡು ಗಂಟೆಯ ಸಭೆ ಎಂದರೆ ಎಂಬತ್ತು ಶಿಕ್ಷಕ-ಗಂಟೆಗಳು. ಅದನ್ನು ಎಲ್ಲಿಂದ ತರುತ್ತೀರಿ? ಶನಿವಾರದ ಅರ್ಧ ದಿನದಿಂದಲೋ, ಪಠ್ಯ ಮುಗಿಸುವ ಸಮಯದಿಂದಲೋ, ಶಿಕ್ಷಕರ ಮನೆಯ ಸಮಯದಿಂದಲೋ? ಮೂರನೆಯದಾದರೆ ಎರಡನೆಯ ತಿಂಗಳಿಗೇ ಕಾರ್ಯಕ್ರಮ ಸೊರಗುತ್ತದೆ.

ವರ್ತನಾ ತಜ್ಞರು

ನಗರಗಳಲ್ಲಿ ಮೊದಲಿಗೆ ಸಿಗುವವರು ಇವರೇ: ವರ್ತನಾ ವಿಶ್ಲೇಷಕರು, ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು. ಇವರ ಬಲವಿರುವುದು ಮೂರನೆಯ ಹಂತದಲ್ಲಿ. ಏಳನೆಯ ತರಗತಿಯ ಹುಡುಗನೊಬ್ಬ ಊಟದ ನಂತರದ ಗಣಿತದ ಅವಧಿಯಲ್ಲಿ ದಿನವೂ ಗಲಾಟೆ ಮಾಡುತ್ತಾನೆ, ದಿನವೂ ಅವನನ್ನು ಹೊರಗೆ ಕಳಿಸಲಾಗುತ್ತದೆ ಎಂದಿಟ್ಟುಕೊಳ್ಳಿ. ಗಲಾಟೆಗೆ ಮೊದಲು ಏನು ನಡೆಯಿತು, ಅದರ ನಂತರ ಅವನಿಗೆ ಏನು ಸಿಕ್ಕಿತು ಎಂಬುದನ್ನು ತಜ್ಞರು ಕೆಲವು ದಿನ ಬರೆದಿಟ್ಟು ನೋಡುತ್ತಾರೆ. ಫಲಕದ ಮೇಲಿನ ಭಿನ್ನರಾಶಿಯ ಲೆಕ್ಕಕ್ಕೆ ಅವನನ್ನು ಕರೆದ ಕೂಡಲೇ ಗಲಾಟೆ ಶುರುವಾಗುತ್ತದೆ, ಹೊರಗೆ ಕಳಿಸಿದ ಕೂಡಲೇ ನಿಲ್ಲುತ್ತದೆ. ಅಂದರೆ ಶಿಕ್ಷೆ ಎಂದು ನಾವು ಕೊಡುತ್ತಿರುವುದೇ ಅವನಿಗೆ ಬೇಕಾದ ಬಿಡುಗಡೆ. ಮೊದಲ ಎರಡು ಲೆಕ್ಕ ಅವನಿಂದ ಆಗುವಂಥವನ್ನೇ ಕೊಡುವುದು, ಕಷ್ಟವಾದಾಗ ಸದ್ದಿಲ್ಲದೆ ಮೇಜಿನ ಮೇಲಿಡಲು ಒಂದು ಚೀಟಿ ಕೊಡುವುದು, ಹಿಂದುಳಿದ ಭಿನ್ನರಾಶಿಯನ್ನು ಬೇರೆ ಹೊತ್ತಿನಲ್ಲಿ ಕಲಿಸುವುದು, ಹೀಗೆ ಯೋಜನೆ ಹುಟ್ಟುತ್ತದೆ. ಈ ಕೌಶಲಕ್ಕೆ ವರ್ಷಗಳ ತರಬೇತಿ ಬೇಕು, ಸಾಮಾನ್ಯ ಶಿಕ್ಷಕರು ಪುಸ್ತಕ ಓದಿ ಇದನ್ನು ಸುರಕ್ಷಿತವಾಗಿ ಮಾಡಲಾಗದು.

ಅವರ ಮಿತಿಯೂ ಅಲ್ಲೇ ಇದೆ. ಥೆರಪಿ ಕೇಂದ್ರದಲ್ಲಿ ಒಂದು ಮಗುವಿನೊಂದಿಗೆ ಒಬ್ಬರೇ ಕೂರುವ ರೂಢಿಯುಳ್ಳವರಿಗೆ ಆರುನೂರು ಮಕ್ಕಳ ಶಾಲೆಯನ್ನು ಒಂದು ವ್ಯವಸ್ಥೆಯಾಗಿ ನೋಡುವುದು ಸುಲಭವಲ್ಲ. ಶಾಲೆ ಕೂಡ ಅವರನ್ನು ಕಷ್ಟದ ಮಕ್ಕಳನ್ನು ಒಪ್ಪಿಸುವ ಕೋಣೆಯಾಗಿ ಬಳಸಲು ತೊಡಗುತ್ತದೆ; ಶಿಕ್ಷಕರ ಅಭ್ಯಾಸ ಬದಲಾಗದೆ ಉಳಿದು, ಆ ಕೋಣೆಯ ಮುಂದಿನ ಸಾಲು ಮಾತ್ರ ಬೆಳೆಯುತ್ತದೆ.

ಅರ್ಹತೆಯನ್ನು ಪರಿಶೀಲಿಸುವಾಗ ಎರಡು ಸಂಗತಿ ತಿಳಿದಿರಲಿ. ವಿಶೇಷ ಶಿಕ್ಷಕರು ಮತ್ತು ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಾದರೆ 1992ರ ಕಾಯ್ದೆಯಡಿ ಸ್ಥಾಪಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಅದನ್ನು ಕೇಳಿ ಪಡೆಯಿರಿ. ವರ್ತನಾ ವಿಶ್ಲೇಷಕರು ತೋರಿಸುವ ಬಿಸಿಬಿಎ (ಬೋರ್ಡ್ ಸರ್ಟಿಫೈಡ್ ಬಿಹೇವಿಯರ್ ಅನಲಿಸ್ಟ್) ಪ್ರಮಾಣಪತ್ರ ಅಮೆರಿಕದ ಮಂಡಳಿಯೊಂದರದು. ಆ ಮಂಡಳಿ 2023ರ ಆರಂಭದಿಂದ ಭಾರತವೂ ಸೇರಿದಂತೆ ಬಹುತೇಕ ದೇಶಗಳಿಂದ ಹೊಸ ಅರ್ಜಿಗಳನ್ನು ಸ್ವೀಕರಿಸುತ್ತಿಲ್ಲ. ಅದಕ್ಕೂ ಮೊದಲು ಪಡೆದು ನವೀಕರಿಸಿಕೊಂಡು ಬಂದವರ ಹೆಸರು ಮಂಡಳಿಯ ಜಾಲತಾಣದಲ್ಲಿ ಹುಡುಕಿದರೆ ಸಿಗುತ್ತದೆ. ಆ ಪ್ರಮಾಣಪತ್ರವಿಲ್ಲ ಎಂಬ ಒಂದೇ ಕಾರಣಕ್ಕೆ ಕಿರಿಯ ತಜ್ಞರನ್ನು ತಳ್ಳಿಹಾಕುವುದು ಈಗ ನ್ಯಾಯವಲ್ಲ. ಬೇರೆ ಪ್ರಮಾಣಪತ್ರಗಳಿದ್ದರೆ ಅವರ ಮೇಲ್ವಿಚಾರಕರು ಯಾರು, ಶಾಲೆಯಲ್ಲಿ ಎಷ್ಟು ಕೆಲಸ ಮಾಡಿದ್ದಾರೆ ಎಂದು ವಿಚಾರಿಸಿ.

ಕಂಪನಿಗಳ ಸಿದ್ಧ ಕಾರ್ಯಕ್ರಮ

ಇದರ ಅನುಕೂಲ ಸ್ಪಷ್ಟ. ಪೋಸ್ಟರು, ಪಾಠಯೋಜನೆ, ಆ್ಯಪ್ ಎಲ್ಲವೂ ಒಟ್ಟಿಗೆ ಬರುತ್ತವೆ, ವರ್ಷದ ಆರಂಭದಲ್ಲೇ ಏನೋ ಶುರುವಾಯಿತೆಂಬ ಉತ್ಸಾಹ ಮೂಡುತ್ತದೆ, ಪೋಷಕರಿಗೂ ಕಣ್ಣಿಗೆ ಕಾಣುವ ಬದಲಾವಣೆ ಇರುತ್ತದೆ. ಹಲವು ಶಾಖೆಗಳಿರುವ ಶಿಕ್ಷಣ ಸಂಸ್ಥೆಗಳಿಗೆ ಎಲ್ಲ ಕಡೆ ಒಂದೇ ನಮೂನೆ ಇರುವುದು ಆಡಳಿತಕ್ಕೆ ಸುಲಭ. ಆದರೆ ಅಂಕ, ಸ್ಟಾರು, ಬ್ಯಾಡ್ಜುಗಳೇ ಈ ಪದ್ಧತಿಯ ತಿರುಳೆಂದು ಭಾವಿಸಿದರೆ ಕೆಡುತ್ತದೆ. ಮೆಚ್ಚುಗೆಯ ಗುರುತು ಕೊಡುವುದು ಮಗುವಿಗಿಂತ ಹೆಚ್ಚಾಗಿ ಶಿಕ್ಷಕರ ಗಮನವನ್ನು ತಿರುಗಿಸಲಿಕ್ಕಾಗಿ: ತಪ್ಪನ್ನೇ ಹುಡುಕುವ ಕಣ್ಣು ಸರಿಯನ್ನೂ ಕಾಣಲು ಕಲಿಯಬೇಕು. ಆ್ಯಪಿನಲ್ಲಿ ಬೆರಳೊತ್ತಿ ಅಂಕ ಕೊಟ್ಟು, ಬಾಯಲ್ಲಿ ಒಂದು ಮಾತೂ ಆಡದೆ ಮುಂದೆ ಹೋದರೆ ಆ ಕೆಲಸವಾಗುವುದಿಲ್ಲ. “ನೀನು ಪೆನ್ನು ಕೊಡುವ ಮೊದಲು ಅವಳು ಬರೆದು ಮುಗಿಸುವವರೆಗೂ ಕಾದೆ, ಅದು ಚೆನ್ನಾಗಿತ್ತು” ಎಂಬ ಮಾತಿಗೆ ಆ್ಯಪ್ ಬೇಕಾಗಿಲ್ಲ.

ಸಿದ್ಧ ಕಾರ್ಯಕ್ರಮವನ್ನು ಆರಿಸುವವರು ಪರವಾನಗಿ ಮುಗಿದ ಮೇಲೆ ಪಾಠಯೋಜನೆಗಳು ಶಾಲೆಯಲ್ಲಿ ಉಳಿಯುತ್ತವೆಯೇ, ಮಕ್ಕಳ ದಾಖಲೆಯನ್ನು ಪೂರ್ತಿ ಹಿಂದಕ್ಕೆ ಪಡೆಯಬಹುದೇ, ಕನ್ನಡದಲ್ಲಿ ಎಷ್ಟು ಭಾಗ ಸಿದ್ಧವಿದೆ ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಲಿ.

ಹೊರದೇಶದ ಅನುಭವಿಗಳು

ಅಮೆರಿಕದಲ್ಲಿ ಈ ಕೆಲಸವನ್ನೇ ಮಾಡಿ ಬಂದ, ಅಥವಾ ಅಲ್ಲಿಂದಲೇ ಆನ್‌ಲೈನಿನಲ್ಲಿ ಮಾರ್ಗದರ್ಶನ ನೀಡುವ ತರಬೇತುದಾರರಿಗೆ ಚೌಕಟ್ಟಿನ ಆಳವಾದ ಪರಿಚಯವಿರುತ್ತದೆ. ಯಾವುದು ಮೂಲ, ಯಾವುದು ಮೇಲಿನ ಅಲಂಕಾರ ಎಂದು ಅವರು ಬಲ್ಲರು. ಅಲ್ಲಿ ನೆಲೆಸಿದ ಕನ್ನಡಿಗ ಶಿಕ್ಷಕರಲ್ಲೂ ಇಂಥವರು ಸಿಗಬಹುದು, ಸಿಕ್ಕರೆ ಅದು ಶಾಲೆಯ ಭಾಗ್ಯ. ಆದರೆ ಅಲ್ಲಿನ ತರಗತಿಯ ಗಾತ್ರ, ಶಾಲೆಯಲ್ಲೇ ಇರುವ ಮನಶ್ಶಾಸ್ತ್ರಜ್ಞರು ಮತ್ತು ಜಿಲ್ಲಾ ಮಟ್ಟದ ಕೋಚ್‌ಗಳನ್ನು ಲೆಕ್ಕಕ್ಕೆ ಹಿಡಿದೇ ಆ ಸಲಹೆಗಳು ರೂಪುಗೊಂಡಿರುತ್ತವೆ. ಪರದೆಯ ಮೇಲೆ ನಿಮ್ಮ ನಲ್ಲಿಯ ಸಾಲು ಅವರಿಗೆ ಕಾಣಿಸುವುದೂ ಇಲ್ಲ. ಇವರನ್ನು ಪೂರ್ಣಾವಧಿಯ ಸಲಹೆಗಾರರನ್ನಾಗಿ ತೆಗೆದುಕೊಳ್ಳುವುದಕ್ಕಿಂತ, ಶಾಲೆಯ ತಂಡಕ್ಕೆ ತಿಂಗಳಿಗೊಮ್ಮೆ ಸಂದೇಹ ಪರಿಹರಿಸುವ ಹಿರಿಯರಾಗಿ ಬಳಸಿಕೊಳ್ಳುವುದು ಹೆಚ್ಚು ಫಲಕಾರಿ.

ಸಾರ್ವಜನಿಕ ಸಂಸ್ಥೆಗಳು

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಶುಲ್ಕ ಕೊಟ್ಟು ಸಲಹೆಗಾರರನ್ನು ಕರೆಸುವ ಸ್ಥಿತಿ ಇರುವುದಿಲ್ಲ. ಅವರಿಗೆ ದಾರಿಯೇ ಇಲ್ಲವೆಂದಲ್ಲ. ಪ್ರತಿ ಬ್ಲಾಕಿನಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಕೆಲಸ ಮಾಡುವ ಬಿಐಇಆರ್‌ಟಿ ಶಿಕ್ಷಕರು, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ, ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್, ಇವರ ಮೂಲಕ ತರಬೇತಿಯ ಬೇಡಿಕೆಯನ್ನು ಮುಂದಿಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗದಲ್ಲಿ, ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಿಂದ ನಡೆಯುವ ಸಂವಾದ್ ಎಂಬ ಉಪಕ್ರಮ, ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಮಕ್ಕಳ ಮನಸ್ಸಿನ ಬಗ್ಗೆ ತರಬೇತಿ ನೀಡುತ್ತದೆ. ಆಘಾತಕ್ಕೊಳಗಾದ, ಮನೆಯಲ್ಲಿ ಹಿಂಸೆ ಕಂಡ ಮಕ್ಕಳ ವರ್ತನೆಯನ್ನು ಅರ್ಥ ಮಾಡಿಕೊಳ್ಳಲು ಶಿಕ್ಷಕರಿಗೆ ಇಂಥ ತಿಳಿವಳಿಕೆ ಬಹಳ ಮುಖ್ಯ. ಆದರೆ ರಾಷ್ಟ್ರಮಟ್ಟದ ಹೊಣೆ ಹೊತ್ತ ಸಂಸ್ಥೆ ನಿಮ್ಮ ಶಾಲೆಗೆ ಹದಿನೈದು ದಿನಕ್ಕೊಮ್ಮೆ ಬಂದು ಕೂರುತ್ತದೆ ಎಂದು ನಿರೀಕ್ಷಿಸಲಾಗದು. ಕಲಿಕೆ ಅಲ್ಲಿಂದ ಬರಬಹುದು, ದಿನನಿತ್ಯದ ಕೆಲಸಕ್ಕೆ ಶಾಲೆಯೊಳಗಿನವರೇ ಬೇಕು.

ಒಳಗಿನ ಕೋಚ್

ಈಗ ಆ ಹಿರಿಯ ಶಿಕ್ಷಕರ ಪ್ರಶ್ನೆಗೆ ಬರೋಣ. ಶಾಲೆಯ ಒಬ್ಬಿಬ್ಬರು ಶಿಕ್ಷಕರಿಗೆ ಸಮಯ ಬಿಡಿಸಿಕೊಟ್ಟು, ಅಮೆರಿಕದ ರಾಷ್ಟ್ರೀಯ ಕೇಂದ್ರ ಉಚಿತವಾಗಿ ಒದಗಿಸಿರುವ ಕೈಪಿಡಿಗಳನ್ನೂ ಅಳತೆಯ ಸಾಧನಗಳನ್ನೂ ಓದಿಸಿ, ಅವರನ್ನೇ ಕೋಚ್‌ಗಳನ್ನಾಗಿ ಮಾಡುವ ದಾರಿ ಇದು. ಮೊದಲ ಹಂತಕ್ಕೆ ಇದು ಧಾರಾಳವಾಗಿ ಸಾಕು. ಒಂದರಿಂದ ಮೂರನೆಯ ತರಗತಿಗಳಲ್ಲಿ, ಚಟುವಟಿಕೆಗಳ ಮೂಲಕ ಗುಂಪುಗಳಲ್ಲಿ ಕಲಿಸುವ ನಲಿ-ಕಲಿ ಪದ್ಧತಿ ನಡೆಸಿದ ಶಿಕ್ಷಕರಿಗೆ ಗುಂಪು ಬದಲಿಸುವುದು, ಸಾಮಗ್ರಿ ಎತ್ತಿಡುವುದು, ಸರದಿ ಕಾಯುವುದು ಮೊದಲಾದ ದಿನಚರಿಗಳನ್ನು ಹೇಳಿಕೊಟ್ಟು ರೂಢಿ ಮಾಡಿಸುವ ಅನುಭವ ಈಗಾಗಲೇ ಇದೆ. ಅವರಲ್ಲಿ ಒಬ್ಬರನ್ನು ಆರಿಸಿಕೊಂಡರೆ ಅರ್ಧ ಕೆಲಸ ಆದಂತೆಯೇ.

ಎರಡನೆಯ ಹಂತದ ಕೆಲವು ಕ್ರಮಗಳನ್ನೂ ಒಳಗಿನವರೇ ನಡೆಸಬಹುದು. ಹೆಚ್ಚು ಬಳಕೆಯಲ್ಲಿರುವುದು ಬೆಳಿಗ್ಗೆ ಹಾಜರಿ ಹಾಕಿ ಸಂಜೆ ಲೆಕ್ಕ ಒಪ್ಪಿಸುವ ಕಾರ್ಡಿನ ಕ್ರಮ. ಅಂಚೆ ಕಾರ್ಡಿನಷ್ಟು ಅಗಲದ ಒಂದು ಕಾಗದದ ಮೇಲೆ ಏಳು ಅವಧಿಗಳು, ಪ್ರತಿ ಅವಧಿಗೂ ಮೂರು ನಿರೀಕ್ಷೆಗಳು: ಕೈಯೆತ್ತಿ ಮಾತಾಡುವುದು, ಕೊಟ್ಟ ಕೆಲಸ ಶುರು ಮಾಡುವುದು, ಬೇರೆಯವರ ವಸ್ತು ಮುಟ್ಟದಿರುವುದು. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ, ದಿನಕ್ಕೆ ಒಟ್ಟು 42. ಬೆಳಿಗ್ಗೆ ಬಂದ ಕೂಡಲೇ ಮಗು ತನಗೆ ಇಷ್ಟವಾದ ಒಬ್ಬ ಶಿಕ್ಷಕರನ್ನು ಕಂಡು ಕಾರ್ಡು ಪಡೆಯುತ್ತದೆ. ಅವರು ಹೆಸರು ಹಿಡಿದು ಮಾತಾಡಿಸಿ, ನಿನ್ನೆ ಹೇಗಿತ್ತು, ಇಂದು ಯಾವ ಅವಧಿ ಕಷ್ಟವಾಗಬಹುದು ಎಂದು ಕೇಳುತ್ತಾರೆ. ಪ್ರತಿ ಅವಧಿಯ ಕೊನೆಗೆ ಆಯಾ ಶಿಕ್ಷಕರು ಅಂಕ ಬರೆದು ಒಂದು ಮಾತು ಹೇಳುತ್ತಾರೆ. ಸಂಜೆ ಅದೇ ಶಿಕ್ಷಕರ ಬಳಿ ಮತ್ತೆ ಬಂದಾಗ 80 ಶೇಕಡಾ ಗುರಿಯಾದರೆ 34 ಅಂಕ ಮುಟ್ಟಿದೆಯೇ ಎಂದು ಇಬ್ಬರೂ ಕೂಡಿಸಿ ನೋಡುತ್ತಾರೆ, ಕಾರ್ಡು ಮನೆಗೆ ಹೋಗಿ ಸಹಿಯಾಗಿ ಬರುತ್ತದೆ. ಮುದ್ರಣದ ಖರ್ಚು ಮತ್ತು ಒಬ್ಬ ಶಿಕ್ಷಕರ ಹತ್ತು ನಿಮಿಷ ಬಿಟ್ಟರೆ ಬೇರೆ ವೆಚ್ಚವಿಲ್ಲ. ಕಡಿಮೆ ಅಂಕ ತಂದ ದಿನ ಮನೆಯಲ್ಲಿ ಹೊಡೆತ ಬೀಳುವ ಸಂಭವವಿದ್ದರೆ ಮಾತ್ರ ಕಾರ್ಡನ್ನು ಮನೆಗೆ ಕಳಿಸಕೂಡದು. ಒಳಗಿನ ಕೋಚ್‌ಗೆ ಆ ಮನೆ ಗೊತ್ತಿರುತ್ತದೆ, ಹೊರಗಿನ ಸಲಹೆಗಾರರಿಗೆ ಗೊತ್ತಿರುವುದಿಲ್ಲ. ಈ ದಾರಿಯ ಬಗ್ಗೆ ನನಗಿರುವ ಒಲವಿಗೆ ಇದೂ ಒಂದು ಕಾರಣ.

ಇದರ ದೌರ್ಬಲ್ಯಗಳನ್ನೂ ಮುಚ್ಚಿಡಬಾರದು. ಸಹೋದ್ಯೋಗಿಯ ತರಗತಿಯಲ್ಲಿ ಕುಳಿತು ತಿದ್ದುವುದು ಸ್ಟಾಫ್ ರೂಮಿನ ಸಂಬಂಧಗಳಿಗೆ ಕಠಿಣ ಪರೀಕ್ಷೆ. ಪಾಠದ ಹೊರೆ ಕಡಿಮೆ ಮಾಡದೆ ಕೋಚ್ ಎಂಬ ಹೆಸರು ಮಾತ್ರ ಕೊಟ್ಟರೆ ಆ ಶಿಕ್ಷಕರು ಬೇಗ ಸೋಲುತ್ತಾರೆ, ಅವರು ವರ್ಗವಾಗಿ ಹೋದರೆ ಕೆಲಸವೂ ಅವರೊಂದಿಗೆ ಹೋಗುತ್ತದೆ. ಹಾಗಾಗಿ ಇಬ್ಬರು ಕೋಚ್‌ಗಳಿರಬೇಕು, ವಾರಕ್ಕೆ ನಾಲ್ಕು ಅವಧಿಯಾದರೂ ಬಿಡುವಿರಬೇಕು, ಮುಖ್ಯ ಶಿಕ್ಷಕರು ತಂಡದ ಸಭೆಯಲ್ಲಿ ಖುದ್ದಾಗಿ ಕೂರಬೇಕು. ಮೂರನೆಯ ಹಂತದ ಮಕ್ಕಳು ಕಂಡಾಗ ಹೊರಗಿನ ತಜ್ಞರನ್ನು ಕರೆಯುವ ಏರ್ಪಾಡು ಮೊದಲೇ ಇರಬೇಕು.

ಯಾರಿಗೆ ಯಾವುದು ಹೊಂದುತ್ತದೆ

ಒಂದಿಬ್ಬರು ಮಕ್ಕಳು ಈಗಲೇ ತೀವ್ರ ಸಂಕಟದಲ್ಲಿದ್ದು, ತಮಗೋ ಬೇರೆಯವರಿಗೋ ಗಾಯ ಮಾಡಿಕೊಳ್ಳುತ್ತಿದ್ದರೆ ಹೋಲಿಕೆ ಮಾಡುತ್ತಾ ಕೂರುವ ಸಮಯವಲ್ಲ. ಅರ್ಹ ವರ್ತನಾ ತಜ್ಞರನ್ನೋ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರನ್ನೋ ತಕ್ಷಣ ಕರೆಸಬೇಕು, ಶಾಲೆಯಿಡೀ ನಡೆಸುವ ಯೋಜನೆ ನಂತರದ ಮಾತು. ಶಾಲೆಯ ತುಂಬ ಸಣ್ಣಪುಟ್ಟ ಗದ್ದಲ, ತಡವಾಗಿ ಬರುವುದು, ಜಗಳ ಹೆಚ್ಚಿದ್ದು ಬಜೆಟ್ ಕಡಿಮೆಯಿರುವ ಖಾಸಗಿ ಶಾಲೆಯಾದರೆ ಇಬ್ಬರು ಒಳಗಿನ ಕೋಚ್‌ಗಳು, ಅವರಿಗೆ ತಿಂಗಳಿಗೊಂದು ಬಾರಿ ಹೊರಗಿನ ಹಿರಿಯರೊಬ್ಬರ ಮಾರ್ಗದರ್ಶನ ಎಂಬ ಏರ್ಪಾಡು ಸಾಕು. ನೆರೆಹೊರೆಯ ನಾಲ್ಕೈದು ಶಾಲೆಗಳು ಕೂಡಿ ಒಬ್ಬ ವರ್ತನಾ ತಜ್ಞರನ್ನು ಹಂಚಿಕೊಂಡರೆ ಪ್ರತಿ ಶಾಲೆಗೂ ವಾರಕ್ಕೊಂದು ದಿನ ಸಿಗುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ ನನಗೆ ಅತ್ಯಂತ ಕಾರ್ಯಸಾಧ್ಯವಾಗಿ ಕಾಣುವುದು ಇದೇ. ಸರ್ಕಾರಿ ಶಾಲೆಗಳು ಎಸ್‌ಡಿಎಂಸಿಯ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಒಪ್ಪಿಗೆ ಪಡೆದು ಘಟನೆಗಳ ಪುಸ್ತಕ ಬರೆಯುವುದರಿಂದಲೇ ಶುರು ಮಾಡಬಹುದು, ಅದಕ್ಕೆ ಯಾರ ಅನುದಾನವೂ ಬೇಡ.

ಹಣವಿರುವ ದೊಡ್ಡ ಶಾಲೆಗಳು ಸಾಮಾನ್ಯವಾಗಿ ದುಬಾರಿ ಕಾರ್ಯಕ್ರಮದತ್ತ ವಾಲುತ್ತವೆ. ಅದೇ ಹಣದಲ್ಲಿ ಪೂರ್ಣಾವಧಿಯ ವಿಶೇಷ ಶಿಕ್ಷಕರೊಬ್ಬರನ್ನೂ, ಎರಡು ವರ್ಷಕ್ಕೆ ಹೊರಗಿನ ಸಲಹೆಗಾರರೊಬ್ಬರನ್ನೂ ನೇಮಿಸಿಕೊಳ್ಳಬಹುದೇ ಎಂದು ಲೆಕ್ಕ ಹಾಕಿ ನೋಡಲಿ. ಆಗಬಹುದಾದರೆ ಅದನ್ನೇ ಆರಿಸಿಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ.

ಇಬ್ಬರ ನಡುವೆ ತೀರ್ಮಾನಿಸಲಾಗದೆ ಉಳಿದರೆ ಇಬ್ಬರನ್ನೂ ಅರ್ಧ ದಿನ ಶಾಲೆಯಲ್ಲಿ ಸುಮ್ಮನೆ ಓಡಾಡಲು ಕರೆಯಿರಿ, ಅದಕ್ಕೆ ಸಂಭಾವನೆಯನ್ನೂ ಕೊಡಿ. ಸಂಜೆ ಅವರು ಮಕ್ಕಳ ಬಗ್ಗೆ ಎಷ್ಟು ಮಾತಾಡಿದರು, ಜಾಗ, ಹೊತ್ತು ಮತ್ತು ದೊಡ್ಡವರ ಬಗ್ಗೆ ಎಷ್ಟು ಮಾತಾಡಿದರು ಎಂದು ಗಮನಿಸಿ. ಒಪ್ಪಂದವನ್ನು ಒಂದು ವರ್ಷಕ್ಕೆ ಮಾಡಿಕೊಂಡು, ಮೊದಲ ಮೂರು ತಿಂಗಳ ನಂತರ ಎರಡೂ ಕಡೆಯವರು ಬಿಡಬಹುದಾದ ಅವಕಾಶ ಇಟ್ಟುಕೊಳ್ಳಿ. ತರಗತಿ ಭೇಟಿಗಳ ಸಂಖ್ಯೆ, ಮಕ್ಕಳ ಮಾಹಿತಿಯ ಒಡೆತನ, ಕನ್ನಡದ ಸಾಮಗ್ರಿ, ಇವು ಅದರಲ್ಲಿ ಬರಹದಲ್ಲಿರಲಿ. ಕೊನೆಯ ಕಂತಿನ ಹಣವನ್ನು ಒಂದು ಷರತ್ತಿಗೆ ಕಟ್ಟಿಡಿ: ವರ್ಷದ ಕೊನೆಗೆ ಸಲಹೆಗಾರರು ಕೋಣೆಯಲ್ಲಿ ಇಲ್ಲದಿರುವಾಗ, ಶಾಲೆಯ ತಂಡವೇ ಟಿಎಫ್‌ಐಯ ಆ 15 ಅಂಶಗಳ ಅಳತೆಯನ್ನು ಮಾಡಿ, ಮುಂದಿನ ಜೂನ್‌ನಲ್ಲಿ ಏನು ಮಾಡಬೇಕೆಂಬ ಯೋಜನೆಯನ್ನು ತಾನೇ ಬರೆಯಬಲ್ಲದಾಗಿರಬೇಕು.